ಘಿಜಕ್‌ಗೆ ಮೀನಿನ ಮುಖ ಹಾಕಿದ್ದು

ಘಿಜಕ್ ಯಾವಾಗ ಸಿಗುತ್ತದೆ ಎಂದು ಡಾಕ್ಟರ ಹೆಂಡತಿ ಬಂದು ಕೇಳಿದಾಗ ನಾನು ಒಂದು ಹಾರ್ಮೋನಿಯಂನ ರೀಡುಗಳನ್ನು ಒರೆಸುತ್ತ ಕೂತಿದ್ದೆ. ಒರೆಸುವ ಅಗತ್ಯವೇನೂ ಇರಲಿಲ್ಲ. ಹಿಂದಿನ ದಿನವೂ ಅವನ್ನೇ ಒರೆಸಿದ್ದೆ. ಅಣ್ಣ ತೀರಿಕೊಂಡು ಎರಡು ತಿಂಗಳಾಗಿತ್ತು. ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ವಾದ್ಯ ರಿಪೇರಿ ಅಂಗಡಿಯನ್ನು ದಿನಾ ಹತ್ತಕ್ಕೆ ತೆರೆಯುತ್ತಿದ್ದೆ, ಎಂಟಕ್ಕೆ ಮುಚ್ಚುತ್ತಿದ್ದೆ. ನಡುವೆ ಏನು ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದ್ದರೆ ಒರೆಸುವ ಬಟ್ಟೆ ತೋರಿಸುತ್ತಿದ್ದೆ.

ಆಕೆ ಉಜ್ಬೇಕಿಸ್ತಾನದವರು. ಎಸ್.ಎಸ್. ಬಡಾವಣೆಯ ಡಾಕ್ಟರೊಬ್ಬರು ಅಲ್ಲಿಗೆ ಓದಲು ಹೋದವರು ಪದವಿಯ ಜೊತೆಗೆ ಆಕೆಯನ್ನೂ ಕರೆದುಕೊಂಡು ಬಂದಿದ್ದರು. ಕನ್ನಡ ಕಲಿಸಿದ್ದು ಅತ್ತೆ. ಹಾಗಾಗಿ ಕಣ್ಣು ಮುಚ್ಚಿ ಕೇಳಿದರೆ ಪಕ್ಕದ ಶಾಮನೂರಿನ ಯಾವುದೋ ಮನೆಯ ಹೆಣ್ಣುಮಗಳು ಮಾತಾಡಿದಂತೆಯೇ ಇರುತ್ತದೆ.

"ಅಣ್ಣಾರ, ನಮ್ಮಪ್ಪಗ ಹುಷಾರಿಲ್ಲ. ಇನ್ನ ಭಾಳ ದಿನ ಇಲ್ಲ ಅಂದಾರೆ ಅಲ್ಲಿ ಡಾಕ್ಟ್ರು. ಇವತ್ತಿಗೆ ಹನ್ನೆರಡನೇ ದಿನ ನಾನು ಹೊಂಟೀನಿ, ಟಿಕೆಟ್ ಆಗೈತೆ. ಅಪ್ಪ ಒಂದೇ ಕೇಳ್ಯಾರೆ. ಅವ್ರ ಘಿಜಕ್ ತಗಂಡು ಬರ್ಬೇಕು, ನಾನು ಬಾರಿಸ್ಬೇಕು, ಅವ್ರು ಕೇಳ್ಬೇಕು."

"ಆಗ್ತೈತಮ್ಮ."

"ಹಳೇ ಚರ್ಮ ಐತಲ್ಲ? ದೊಡ್ಡಣ್ಣಾರು ಅಳತೆಗೆ ಬೇಕು ಅಂತ ಎತ್ತಿಟ್ಟಿದ್ರು."

"ಐತೆ" ಎಂದೆ.

ಇರಲಿಲ್ಲ.

ಘಿಜಕ್ ಎಂದರೆ ಏನೆಂದು ಹೇಳಿಬಿಡುತ್ತೇನೆ. ನಾನೂ ಮೊದಲ ಸಲ ನೋಡಿದ್ದು ಇದನ್ನೇ. ಹಿಪ್ಪುನೇರಳೆ ಮರವನ್ನು ಕೊರೆದು ಮಾಡಿದ, ಸುಲಿದ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಗುಂಡು ಒಡಲು. ಅದಕ್ಕೆ ಉದ್ದನೆ ಕತ್ತು, ನಾಲ್ಕು ತಂತಿ. ಬುಡದಲ್ಲಿ ಒಂದು ಕಬ್ಬಿಣದ ಕಡ್ಡಿ. ಅದನ್ನು ತೊಡೆಯ ಮೇಲೆ ಊರಿ, ವಾದ್ಯವನ್ನು ನೆಟ್ಟಗೆ ನಿಲ್ಲಿಸಿ, ಕಮಾನು ಎಳೆದು ನುಡಿಸುತ್ತಾರೆ. ಒಡಲಿನ ಮುಂಭಾಗ ತೆರೆದ ಬಾಯಿ. ಆ ಬಾಯಿಗೆ ಬಿಗಿದ ತೆಳ್ಳನೆ ಚರ್ಮವೇ ವಾದ್ಯದ ಮುಖ. ತಂತಿಗಳನ್ನು ಹೊರುವ ಕುದುರೆ ನಿಲ್ಲುವುದು ಆ ಚರ್ಮದ ಮೇಲೆ. ಮರ ಎಷ್ಟೇ ಚೆನ್ನಾಗಿರಲಿ, ಧ್ವನಿ ಹುಟ್ಟುವುದು ಆ ಅಂಗೈಯಗಲದ ಚರ್ಮದಿಂದ. ಈ ಘಿಜಕ್‌ನ ಮುಖ ಹೋದ ಬೇಸಿಗೆಯ ಒಣ ಗಾಳಿಗೆ ಅಂಚಿನಲ್ಲಿ ಸೀಳಿತ್ತು. ಅಣ್ಣ ಕೆಲಸ ಒಪ್ಪಿಕೊಂಡು, ಸೀಳಿದ ಚರ್ಮ ಬಿಚ್ಚಿ, ಕಾಗದದಲ್ಲಿ ಸುತ್ತಿ ಡ್ರಾದಲ್ಲಿಟ್ಟಿದ್ದ. ಅದಾಗಿ ನಾಲ್ಕನೇ ದಿನ ಮಧ್ಯಾಹ್ನ ಊಟಕ್ಕೆ ಹೋದವನು ಮತ್ತೆ ಅಂಗಡಿಗೆ ಬರಲಿಲ್ಲ.

ಅಣ್ಣನ ಶಿವಗಣಾರಾಧನೆಗೆ ಮೊದಲು ಮನೆಯನ್ನೂ ಅಂಗಡಿಯನ್ನೂ ತೊಳೆದೆವು. ಅಣ್ಣನ ಡ್ರಾ ತೆಗೆದಾಗ ಕಾಗದದ ಒಂದು ಪೊಟ್ಟಣ ಸಿಕ್ಕಿತು. ಬಿಚ್ಚಿ ಮೂಸಿದೆ. ಏನೋ ಕಮಟು. ಇಲಿಯೋ ಹಲ್ಲಿಯೋ ಸತ್ತು ಒಣಗಿ ಅಂಟಿಕೊಂಡಿದೆ ಎಂದುಕೊಂಡು ಎರಡು ಬೆರಳಲ್ಲಿ ಎತ್ತಿ ಕಸದ ಗಾಡಿಗೆ ಹಾಕಿದೆ. ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದದ್ದೂ ನೆನಪಿದೆ. ಅದೇ ಘಿಜಕ್‌ನ ಮುಖ ಎಂದು ಹೊಳೆದದ್ದು ಆಕೆ ಕೇಳಿದ ಆ ಗಳಿಗೆಯಲ್ಲಿ. ಆಗ ಸತ್ಯ ಹೇಳಬಹುದಿತ್ತು. ಆದರೆ ನಾನು ಯಾವುದನ್ನೂ ಆದ ಕೂಡಲೇ ಒಪ್ಪಿಕೊಳ್ಳುವ ಜಾತಿಯವನಲ್ಲ. ಮೊದಲು ನಾಲ್ಕು ದಿನ ಅದರ ಚಿಂತೆ ಮಾಡಬೇಕು.

ನಮ್ಮ ಅಂಗಡಿಯಲ್ಲಿ ಮರ ನನ್ನದು, ಚರ್ಮ ಅಣ್ಣನದು. ಚರ್ಮ ಎಂದರೂ ತಬಲಾಕ್ಕೆ ಬೇಕಾದ ಸಿದ್ಧ ಮುಖಗಳು ಹೊರಗಿನಿಂದ ಬರುತ್ತಿದ್ದವು, ಅಣ್ಣ ಅವನ್ನು ಬಿಗಿಯುತ್ತಿದ್ದ. ಹಸಿ ಚರ್ಮ ನಮ್ಮ ಹೊಸ್ತಿಲು ದಾಟಿದ್ದೇ ಇಲ್ಲ. ಉಳಿದಿದ್ದ ತೆಳು ಮೇಕೆಚರ್ಮದ ತುಂಡೊಂದನ್ನು ನೆನೆಸಿ, ಒಳಮೈಯನ್ನು ಇನ್ನಷ್ಟು ಕೆರೆದು ತೆಳ್ಳಗೆ ಮಾಡಿ, ಬಿಸಿ ಸರೇಸು ಹಚ್ಚಿ ಘಿಜಕ್‌ನ ಬಾಯಿಗೆ ಕೂರಿಸಿದೆ. ಸರೇಸು ಮರಗೆಲಸದವರು ಬಿಸಿ ನೀರಿನ ಮೇಲಿಟ್ಟು ಕರಗಿಸಿ ಹಚ್ಚುವ ಅಂಟು. ಮೂವತ್ತು ವರ್ಷದಿಂದ ನನ್ನ ಬೆರಳ ಉಗುರಿನಲ್ಲಿ ಅದು ಇದ್ದೇ ಇರುತ್ತದೆ. ಚರ್ಮ ಒಣಗಿತು. ಅಂಟು ಹಿಡಿಯಿತು. ತಂತಿ ಕಟ್ಟಿದೆ. ಎಲ್ಲ ಲೆಕ್ಕದ ಪ್ರಕಾರವೇ ಆಯಿತು.

ಐದನೇ ದಿನ ಆಕೆ ಬಂದು ತೊಡೆಯ ಮೇಲಿಟ್ಟು ಕಮಾನು ಎಳೆದರು. ಕಂಬಳಿಯೊಳಗೆ ಯಾರೋ ಕೆಮ್ಮಿದ ಹಾಗೆ ಕೇಳಿಸಿತು. ಮತ್ತೊಮ್ಮೆ ಎಳೆದರು. ಮತ್ತೆ ಕೆಮ್ಮು.

"ಇದು ದಪ್ಪ ಆತಲ್ಲ ಅಣ್ಣಾರ. ಹಳೇದನ್ನ ಕೊಡ್ರಿ, ಎರಡೂ ಮುಟ್ಟಿ ನೋಡಾನ."

ನಾನು ಡ್ರಾ ಎಳೆದೆ. ಖಾಲಿ ಇದೆಯೆಂದು ಗೊತ್ತಿದ್ದೂ ಎಳೆದೆ. ಒಳಗೆ ಕೈ ಆಡಿಸಿದೆ. ಆಮೇಲೆ ಮುಚ್ಚಿದೆ.

"ಇಲ್ಲಮ್ಮ. ತೊಳಿಯೋವಾಗ ನಾನೇ ಎಸೆದೆ. ಸತ್ತ ಹಲ್ಲಿ ಅಂದ್ಕಂಡೆ."

ಬೈಯಲಿ ಎಂದು ಕಾದೆ. ಆಕೆ ಕಮಾನಿನ ಕೂದಲನ್ನು ಬೆರಳಿನಿಂದ ಸವರಿದರು.

"ಅವತ್ತೇ ಹೇಳಿದ್ರೆ ಅವತ್ತೇ ನಮ್ಮವ್ವಗ ಫೋನ್ ಮಾಡಿ ಕೇಳ್ತಿದ್ನಲ್ರಿ. ನಾಲ್ಕು ದಿನ ಹೋತು."

"ಹೋತಮ್ಮ."

ಅಲ್ಲಿಯೇ ಕೂತು ಫೋನ್ ಮಾಡಿದರು. ಅವರ ಭಾಷೆಯಲ್ಲಿ ತಾಯಿ ಏನೋ ಹೇಳಿದರು, ಆಕೆ ಏನೋ ಕೇಳಿದರು. ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಮೀನಿಂದು."

"ಏನು?"

"ಮೀನಿನ ಚರ್ಮ. ಹೊಳೀದು, ದೊಡ್ಡ ಮೀನು. ಮೈಮ್ಯಾಲೆ ಹುರುಪೆ ಇರಂಗಿಲ್ಲ, ಮೀಸೆ ಇರ್ತಾವೆ, ಬಾಯಿ ಅಗಲ. ಅದರ ಪಕ್ಕೆ ಚರ್ಮ ತೆಗೀಬೇಕಂತೆ. ನಂಗೂ ಸರಿ ಗೊತ್ತಿರ್ಲಿಲ್ಲ ನೋಡ್ರಿ, ಮೀನು ಅಂತ ಸಣ್ಣೋಳಿದ್ದಾಗ ಒಮ್ಮೆ ಕೇಳಿದ್ದೆ ಅಷ್ಟೇ." ಆಮೇಲೆ ದನಿ ತಗ್ಗಿಸಿ, "ನಮ್ಮತ್ತಿಗೆ ಹೇಳಬ್ಯಾಡ್ರಿ ಮತ್ತೆ. ಎಂಟು ವರ್ಷ ದೇವರ ಮನಿ ಗ್ವಾಡಿಗೇ ತೂಗುಹಾಕಿದ್ದೆ" ಎಂದರು.

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅಲ್ಲಿ ನಗಬೇಕು ಎಂಬುದು ತಿಳಿಯಿತು, ಅಷ್ಟೇ. ಎರಡು ತಿಂಗಳಿಂದ ಎಲ್ಲವೂ ಹೀಗೆಯೇ. ಹಲ್ಲಿನ ಡಾಕ್ಟರು ಸೂಜಿ ಕೊಟ್ಟ ಮೇಲೆ ತುಟಿಯನ್ನು ಮುಟ್ಟಿ ನೋಡಿದರೆ ಬೇರೆ ಯಾರದೋ ತುಟಿ ಎನಿಸುತ್ತದಲ್ಲ, ಹಾಗೆ.

ಮರುದಿನ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದೆ. ಐವತ್ತೊಂದು ವರ್ಷದಲ್ಲಿ ಮೀನು ಕೊಳ್ಳಲು ಹೋದದ್ದು ಅದೇ ಮೊದಲು. ದಾವಣಗೆರೆಯಲ್ಲೂ ಸಿಗುತ್ತದೆ ಎಂದು ಗೊತ್ತಿತ್ತು. ಆದರೆ ದಾವಣಗೆರೆಯಲ್ಲಿ ನನ್ನನ್ನು ಗುರುತಿಸುವವರೂ ಸಿಗುತ್ತಾರೆ. ತುಂಗಭದ್ರೆಯ ಸೇತುವೆಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸಿನ ಮುಂದೆ ನಿಂತೆ. ಅವಳಿಗೂ ಹೆಚ್ಚುಕಡಿಮೆ ನನ್ನ ವಯಸ್ಸೇ.

"ಏನ್ ಸ್ವಾಮಿ, ದಾರಿ ತಪ್ಪಿದ್ರೇನು? ಗುಡಿ ಆ ಕಡೆ ಐತೆ."

ಹಣೆಯ ವಿಭೂತಿ ಒರೆಸಿಕೊಂಡು ಬರಬೇಕಿತ್ತು ಎಂಬುದು ಆಗ ಹೊಳೆಯಿತು.

"ಮೀನು ಬೇಕಿತ್ತಮ್ಮ. ಮೀಸೆ ಇರೋದು, ಬಾಯಿ ದೊಡ್ಡದು, ಮೈ ನುಣ್ಣಗಿರೋದು."

"ನಮ್ಮ ಯಜಮಾನ್ರನ್ನ ಕೇಳಾಕ ಬಂದೀರೇನು? ದ್ವಾಣಿ ಮ್ಯಾಲೆ ಅದಾರೆ." ಪಕ್ಕದ ಬುಟ್ಟಿಯವರೆಲ್ಲ ನಕ್ಕರು. "ಅದಕ್ಕ ಬಾಳೆಮೀನು ಅಂತಾರ್ರಿ. ಎಷ್ಟು ಕೆಜಿ?"

"ಚರ್ಮ ಸಾಕು."

"ಚರ್ಮ?"

"ಒಂದು ಅಡಿ."

ಬಟ್ಟೆ ಅಂಗಡಿಯಲ್ಲಿ ಅಸ್ತರು ಕೇಳುವ ಹಾಗೆ ಕೇಳಿದ್ದೆ. ಅವಳು ಕುಡುಗೋಲು ಕೆಳಗಿಟ್ಟು ನನ್ನನ್ನು ಪೂರ್ತಿಯಾಗಿ ನೋಡಿದಳು. "ಉಳಿದಿದ್ದು ಏನ್ ಮಾಡ್ಲಿ? ನಿಮ್ಮ ಮಠಕ್ಕೆ ಕಳಿಸ್ಲೇನು?"

ವಾದ್ಯದ ವಿಷಯ ಹೇಳಿದೆ. ದೂರದಲ್ಲಿ ಒಬ್ಬ ಮುದುಕ ಮಲಗಿದ್ದಾನೆ, ಮಗಳು ಹೋಗಿ ನುಡಿಸಬೇಕು, ಇನ್ನು ಆರೇಳು ದಿನವಿದೆ ಎಂದೆ. ಅವಳು ತೋಳುದ್ದದ ಮೀನೊಂದನ್ನು ಹಾಕಿಕೊಂಡು, ತಲೆಯ ಹಿಂದೆ ಸುತ್ತಲೂ ಕೊಯ್ದು, ಬೆನ್ನಿನ ಉದ್ದಕ್ಕೂ ಒಂದು ಗೀರು ಎಳೆದು, ಹೆಬ್ಬೆರಳನ್ನು ಒಳಗೆ ತೂರಿಸಿ ಚರ್ಮವನ್ನು ಸುಲಿದಳು. ಒಂದೇ ತುಂಡಾಗಿ ಬಂತು. ಬೆಳ್ಳಗೆ, ಬೂದಿ ಬಣ್ಣ ಮಿಂಚುತ್ತ, ಅತ್ತಿತ್ತ ಬಾಗಿಸಿದರೆ ಬೆಳಕು ದಾಟುವಷ್ಟು ತೆಳು. ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕದವನು ಎರಡು ಸಲ ಎದ್ದು ಸೀಟು ಬದಲಿಸಿದ.

ಇಲ್ಲಿ ನಾನು ಮಾಡಿದ ತಪ್ಪನ್ನು ಮೀನು ತಿನ್ನುವ ಮನೆಯ ಮಗು ಕೂಡ ಮಾಡುತ್ತಿರಲಿಲ್ಲ. ಅಂಗಡಿಯ ಮಹಡಿಯ ಮೇಲೆ ಮಾಲೀಕರ ಸಂಸಾರ. ಅವರೂ ನಮ್ಮವರೇ. ವಾಸನೆ ಮೇಲೆ ಹೋದರೆ ಅಂಗಡಿ ಖಾಲಿ ಮಾಡಿ ಎನ್ನುತ್ತಾರೆ ಎಂಬ ಹೆದರಿಕೆ. ನಮ್ಮ ಮನೆಗಳಲ್ಲಿ ಯಾವ ಪಾತ್ರೆಯ ವಾಸನೆ ಹೋಗಬೇಕಾದರೂ ಮಾಡುವುದನ್ನೇ ಮಾಡಿದೆ. ನೀರು ಕಾಯಿಸಿ, ಅರಿಶಿನ ಹಾಕಿ, ಚರ್ಮದ ಮೇಲೆ ಸುರಿದೆ. ಕಣ್ಣೆದುರಿಗೇ ಅದು ಸುರುಟಿಕೊಂಡಿತು. ಹಪ್ಪಳ ಎಣ್ಣೆಗೆ ಬಿದ್ದರೆ ಅರಳುತ್ತದೆ, ಇದು ಮುದುಡಿ ಮುದುಡಿ ಹಳದಿ ಬಣ್ಣದ ಒಂದು ಉಂಡೆಯಾಯಿತು. ಮುಟ್ಟಿದರೆ ಕೈಗೆ ಅಂಟು.

ಏಳನೇ ದಿನ ಮತ್ತೆ ಹರಿಹರ.

"ಬಿಸಿನೀರು ಹಾಕಿದ್ರಾ!" ಅವಳು ಸೆರಗು ಬಾಯಿಗೆ ಹಿಡಿದುಕೊಂಡಳು. "ಜೀವಮಾನದಾಗ ಒಮ್ಮೆನೂ ಮೀನು ಬೇಯೋದು ನೋಡಿಲ್ಲೇನ್ರಿ?"

"ಇಲ್ಲ."

"ತಣ್ಣೀರು, ಉಪ್ಪು. ಅಷ್ಟೇ. ಬಿಸಿ ತೋರಿಸಬ್ಯಾಡ್ರಿ ಅದಕ್ಕ."

ಎರಡನೇ ಚರ್ಮವನ್ನು ತಣ್ಣೀರಿನಲ್ಲೇ ತೊಳೆದೆ. ಒಳಮೈಯ ಜಿಡ್ಡನ್ನು ಮೊಂಡು ಚಾಕುವಿನಿಂದ ತೆಗೆದೆ. ಮೇಕೆಚರ್ಮವನ್ನು ಬಿಚ್ಚಿ, ಮರದ ಅಂಚನ್ನು ಉಜ್ಜಿ ನುಣುಪು ಮಾಡಿದೆ. ಎಲ್ಲ ಸರಿಯಾಗಿತ್ತು. ಆಮೇಲೆ ಅಂಚಿಗೆ ಬಿಸಿ ಬಿಸಿ ಸರೇಸು ಹಚ್ಚಿ, ಚರ್ಮ ಎಳೆದು ಕೂರಿಸಿದೆ.

ಬಿಸಿ ತೋರಿಸಬೇಡಿ ಎಂದು ಅವಳು ಹೇಳಿದ್ದು ಕಿವಿಯಲ್ಲೇ ಇತ್ತು. ಆದರೆ ನನ್ನ ಪಾಲಿಗೆ ಬಿಸಿ ಎಂದರೆ ನೀರು, ಬಿಸಿಲು, ಒಲೆ. ಸರೇಸು ಎಂದರೆ ಅಂಟು. ಅದೂ ಬಿಸಿ ಎಂಬುದು ತಲೆಗೆ ಬರಲಿಲ್ಲ. ಅಂಚು ಸುತ್ತಲೂ ಸೆರಗಿನ ನೆರಿಗೆಯ ಹಾಗೆ ಮೇಲೆದ್ದಿತು. ಗಾಬರಿಯಲ್ಲಿ ಎಳೆದೆ. ನಾಲ್ಕು ಕಡೆ ಹರಿಯಿತು.

ಎಂಟನೇ ದಿನ ಮಧ್ಯಾಹ್ನದವರೆಗೂ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದೆ. ಆಕೆಗೆ ಫೋನ್ ಮಾಡಿ ಆಗುವುದಿಲ್ಲ ಎಂದು ಹೇಳಿಬಿಡುವುದು ಒಂದು ದಾರಿ. ಹೇಳುವ ಮಾತನ್ನೂ ಜೋಡಿಸಿಟ್ಟುಕೊಂಡಿದ್ದೆ. ದುಃಖವೇನೂ ಆಗಲಿಲ್ಲ, ಅದೇ ವಿಚಿತ್ರ. ಅಲ್ಲೊಬ್ಬ ಮುದುಕ ಕಾಯುತ್ತಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಹೌದು, ಕಾಯುತ್ತಿದ್ದಾನೆ ಎಂದು ಉತ್ತರವನ್ನೂ ಕೊಟ್ಟುಕೊಂಡೆ. ಅಷ್ಟೇ ಆಯಿತು. ಫೋನ್ ಕೈಯಲ್ಲಿತ್ತು. ಆಗ ನನ್ನ ಎಂದಿನ ಹೇಡಿತನವೇ ಉಪಕಾರಕ್ಕೆ ಬಂತು. ಆ ಮಾತು ಹೇಳಲು ಧೈರ್ಯ ಬರಲಿಲ್ಲ. ಹೇಳದೆ ಉಳಿಯಬೇಕಾದರೆ ಕೆಲಸ ಮಾಡಬೇಕು.

ಎರಡು ಸಂಗತಿ ಸ್ಪಷ್ಟವಾಗಿದ್ದವು. ಅಂಟು ತಣ್ಣಗಿರಬೇಕು. ಮತ್ತು ಎಳೆಯುವುದಕ್ಕೆ ನಾಲ್ಕು ಕೈ ಬೇಕು. ಅಣ್ಣ ದೊಡ್ಡ ಚರ್ಮ ಬಿಗಿಯುವಾಗ ನಾನು ಎದುರು ಕೂತು ಹಿಡಿಯುತ್ತಿದ್ದೆ. ಈಗ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಡಿಲ. ಮೀನಿನ ಚರ್ಮವನ್ನು ಎದುರು ಕೂತು ಹಿಡಿಯುವವರು ನಮ್ಮ ಬಳಗದಲ್ಲಿ ಯಾರಿದ್ದಾರೆ? ಹರಿಹರಕ್ಕೆ ಹೋಗಿ ಚರ್ಮ ತರುವ ಬದಲು ಘಿಜಕ್ ಅನ್ನೇ ಹರಿಹರಕ್ಕೆ ಒಯ್ಯುವುದು ಎಂದು ತೀರ್ಮಾನಿಸಿದೆ. ಆಕೆಗೆ ಫೋನ್ ಮಾಡಿ ಅಷ್ಟನ್ನು ಮಾತ್ರ ತಿಳಿಸಿದೆ. "ಒಯ್ರಿ ಅಣ್ಣಾರ" ಎಂದರು.

ಅಂಟಿಗೆ ಮೈದಾ ಗಂಜಿ. ಗಂಜಿ ಹಚ್ಚುವುದು ಗೋಡೆಯ ಪೋಸ್ಟರಿಗೆ, ವಾದ್ಯಕ್ಕಲ್ಲ ಎಂಬುದು ಅಣ್ಣನ ಕಟ್ಟುನಿಟ್ಟು. ಅವನಿದ್ದಿದ್ದರೆ ನನ್ನನ್ನು ಅಂಗಡಿಯಿಂದ ಹೊರಗೆ ಹಾಕುತ್ತಿದ್ದ. ಆದರೆ ಆರಿದ ಮೇಲೂ ಅಂಟುವುದು ನನಗೆ ಗೊತ್ತಿದ್ದದ್ದು ಅದೊಂದೇ. ಮುಂದೊಂದು ದಿನ ಮುಖ ಬದಲಿಸಬೇಕಾದರೆ ಒದ್ದೆ ಬಟ್ಟೆ ಇಟ್ಟರೆ ಸಾಕು, ಬಿಟ್ಟುಕೊಳ್ಳುತ್ತದೆ.

"ಸ್ವಲ್ಪ ಮೈದಾ ಗಂಜಿ ಕಾಸಿಕೊಡು" ಎಂದು ಹೆಂಡತಿಗೆ ಹೇಳಿದೆ.

"ಯಾವುದಕ್ಕ?"

"ಅಂಟ್ಸಾಕ."

"ಏನು, ಆ ಮೀನಾ?"

"ಹೂಂ."

ಅವಳು ಕಾಸಿದಳು. ಹಳೇ ಡಬ್ಬಿಯೊಂದಕ್ಕೆ ತುಂಬಿ ಬಾಗಿಲಲ್ಲಿಟ್ಟು, "ಡಬ್ಬಿ ವಾಪಸ್ ತರಬ್ಯಾಡ್ರಿ" ಎಂದಳು.

ಒಂಬತ್ತನೇ ದಿನ ಬೆಳಗಿನ ಬಸ್ಸಿನಲ್ಲಿ ಘಿಜಕ್ ಅನ್ನು ಚಾದರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹೋದೆ. ಮೀನಿನವಳ ಮನೆ ನದಿಯ ಹತ್ತಿರವೇ, ಮುಂದೆ ತಗಡಿನ ಚಪ್ಪರ. ಬುಟ್ಟಿಯನ್ನು ಗಂಡನಿಗೆ ಒಪ್ಪಿಸಿ ಬಂದಳು. ಸುಲಿದ ಚರ್ಮ ಗಾಳಿಗೆ ಒಣಗುವ ಮೊದಲೇ ಕೆರೆದು, ಉಪ್ಪು ನೀರಿನಲ್ಲಿ ಅದ್ದಿದೆವು. ಮರದ ಅಂಚಿಗೆ ಆರಿದ ಗಂಜಿಯನ್ನು ಬೆರಳಿನಿಂದ ಸವರಿದೆ. ಚರ್ಮವನ್ನು ಬಾಯಿಯ ಮೇಲೆ ಹಾಸಿದೆ. ಒಡಲಿನ ಸುತ್ತ ಹತ್ತಿಯ ದಾರವನ್ನು ಸಡಿಲವಾಗಿ ಏಳು ಸುತ್ತು ಸುತ್ತಿದೆ. ಇನ್ನು ದಾರದ ಕೆಳಗಿನಿಂದ ಚರ್ಮವನ್ನು ಎದುರುಬದುರಾಗಿ ಎಳೆಯುತ್ತ ಹೋಗಬೇಕು. ಉತ್ತರ ಎಳೆದರೆ ದಕ್ಷಿಣ, ಪೂರ್ವ ಎಳೆದರೆ ಪಶ್ಚಿಮ.

ಅವಳ ಹಿಡಿತ ಗಟ್ಟಿ. ಜಾರುವ ಚರ್ಮ ಅವಳ ಕೈಯಲ್ಲಿ ಜಾರುತ್ತಿರಲಿಲ್ಲ.

"ದಿನಾ ನಿಮಗ ಎದುರಿಗೆ ಯಾರು ಹಿಡೀತಾರೆ?"

"ಅಣ್ಣ ಇದ್ದ."

"ಈಗ?"

"ಇಲ್ಲ."

"ಹೂಂ" ಎಂದಳು. ಬೆರಳಿಗೆ ಇನ್ನಷ್ಟು ಉಪ್ಪು ಹಚ್ಚಿಕೊಂಡು ಹಿಡಿತ ಬದಲಿಸಿದಳು. "ಎಳಿರಿ."

ಮೂರು ಸುತ್ತು ಎಳೆದೆವು. ನೆರಿಗೆಗಳು ಹೋದವು. ಮುಖ ಸಮನಾಯಿತು. ಬೆರಳಿನಿಂದ ಬಡಿದರೆ ಒದ್ದೆಯಲ್ಲೇ ಸಣ್ಣದೊಂದು ಸದ್ದು.

"ಇನ್ನೂ ಬರ್ತೈತೆ ಸ್ವಾಮಿ. ಇನ್ನೊಂದು ಸುತ್ತು ಎಳಿರಿ."

"ಸಾಕಮ್ಮ."

"ಅದಕ್ಕೇನ್ ಆಗಂಗಿಲ್ಲ. ನನ್ನ ಕೈಗೆ ಗೊತ್ತಾಗ್ತೈತೆ."

"ಸಾಕು. ಹರಿದ್ರೆ ಇನ್ನ ದಿನ ಇಲ್ಲ."

ಅವಳು ನನ್ನ ಮುಖ ನೋಡಿ ಕೈ ಬಿಟ್ಟಳು. ದಾರ ಬಿಗಿದು ಗಂಟು ಹಾಕಿದೆ.

ಒಣ ಗಾಳಿಗೆ ಒಮ್ಮೆಲೇ ಒಣಗಿದರೆ ಮತ್ತೆ ಸೀಳುತ್ತದೆ. ಅವಳ ಮನೆಯ ಒಳಗೆ, ನೀರಿನ ಗಡಿಗೆಗಳ ಪಕ್ಕದ ನೆರಳಿನಲ್ಲಿ, ಹಿಂಡಿದ ಒದ್ದೆ ಬಟ್ಟೆ ಹೊದಿಸಿ ಇಟ್ಟೆವು. ಮರುದಿನ ಎರಡು ಸಲ ಬಸ್ಸು ಹತ್ತಿ ಹೋಗಿ ಬಡಿದು ನೋಡಿ ಬಂದೆ. "ಬಾಣಂತಿ ನೋಡಾಕ ಬಂದಂಗೆ ಬರ್ತೀರಲ್ರಿ" ಎಂದು ಅವಳ ಗಂಡ ನಕ್ಕ. ಅವನಿಗೆ ನಿಜವಾಗಿಯೂ ಮೀಸೆ ದೊಡ್ಡದಿತ್ತು.

ಹನ್ನೊಂದನೇ ದಿನ ದಾರ ಬಿಚ್ಚಿ, ಅಂಚು ಕತ್ತರಿಸಿ, ಅಂಗಡಿಗೆ ತಂದು ಕುದುರೆ ನಿಲ್ಲಿಸಿದೆ. ಹಳೇ ತಂತಿ ತುಕ್ಕು ಹಿಡಿದಿದ್ದವು, ಪಿಟೀಲಿನ ತಂತಿ ಹಾಕಿದೆ. ಒಂದೊಂದನ್ನೇ ಸ್ವಲ್ಪ ಸ್ವಲ್ಪ ಏರಿಸಿ, ನಡುನಡುವೆ ಕಾಲು ಗಂಟೆ ಬಿಟ್ಟು, ಮುಖ ಭಾರ ಹೊರುತ್ತದೆಯೇ ನೋಡುತ್ತ ಶ್ರುತಿ ಮಾಡಿದೆ. ಕಮಾನು ಎಳೆದೆ. ಕೆಮ್ಮು ಹೋಗಿತ್ತು. ಗಂಟಲಿನ ಒಳಗಿನಿಂದ ಯಾರೋ ಹಾಡುವ ಮುನ್ನ ಉಸಿರು ಎಳೆದುಕೊಂಡ ಹಾಗೆ, ಸ್ವಲ್ಪ ಒರಟು, ಆದರೆ ಜೀವ ಇರುವ ಧ್ವನಿ. ಇಷ್ಟು ಪಾಡುಪಟ್ಟ ಮೇಲೆ ಮೈ ಜುಮ್ಮೆನ್ನಬೇಕಿತ್ತು. ಏನೂ ಆಗಲಿಲ್ಲ. ಧ್ವನಿ ಬಂದಿದೆ ಎಂದು ತಿಳಿಯಿತು, ಕಮಾನು ಕೆಳಗಿಟ್ಟೆ.

ಸಂಜೆ ಆಕೆ ಬಂದು ಅರ್ಧ ನಿಮಿಷ ನುಡಿಸಿದರು. ಮಂದ್ರದ ತಂತಿಯನ್ನು ಎರಡು ಸಲ ಮತ್ತೆ ಎಳೆದು ನೋಡಿದರು.

"ಸರಿ ಐತೆ ಅಣ್ಣಾರ" ಎಂದು ಸುತ್ತಿಕೊಂಡು ಹೋದರು.

ಆಮೇಲೆ ಚಿಂತೆ ಮಾಡಲು ಬಿಡುವು ಸಿಕ್ಕಿತು. ವಿಮಾನದಲ್ಲಿ ಚಳಿ, ಚರ್ಮ ಬಿಗಿದುಕೊಂಡು ಸೀಳಬಹುದು. ಆ ದೇಶದಲ್ಲಿ ತೇವ ಹೆಚ್ಚಿದ್ದರೆ ಗಂಜಿ ಬಿಟ್ಟುಕೊಳ್ಳಬಹುದು. ತಪಾಸಣೆಯವರು ಮೀನಿನ ವಾಸನೆ ಹಿಡಿದು ತಡೆಯಬಹುದು. ಎಲ್ಲ ಸರಿಯಾಗಿ, ಆಕೆ ತಲುಪುವ ಹೊತ್ತಿಗೆ ಮುದುಕರೇ ಇಲ್ಲದಿರಬಹುದು. ಈ ಕೊನೆಯದನ್ನು ಮಾತ್ರ ನಾನು ಹೆಚ್ಚು ಹೊತ್ತು ಯೋಚಿಸಲಿಲ್ಲ.

ಆಕೆ ಹೋದ ನಾಲ್ಕನೇ ದಿನ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಮೊದಲು ಕೋಣೆಯಲ್ಲಿ ಜನರ ಗುಜುಗುಜು, ಆಮೇಲೆ ಘಿಜಕ್. ಎರಡು ಮೂರು ನಿಮಿಷ ನಡೆಯಿತು, ಯಾರೂ ಕೆಮ್ಮಲೂ ಇಲ್ಲ. ನಿಂತ ಮೇಲೆ ಚರ್ಮದ ಮೇಲೆ ಬೆರಳು ಬಡಿದ ಸದ್ದು, ಟಕ್ ಟಕ್. ಒಂದು ಒಡಕು ದನಿ ನಿಧಾನವಾಗಿ ಏನೋ ಹೇಳಿತು. ಕೋಣೆಯವರೆಲ್ಲ ನಕ್ಕರು. ಕೊನೆಗೆ ಆಕೆ.

"ಅಣ್ಣಾರ, ಅಪ್ಪ ಪೂರ್ತಿ ಕೇಳಿದ್ರು. ಕಣ್ಣು ಮುಚ್ಚಿ ಕೇಳಿದ್ರು. ಆಮೇಲೆ ಏನಂದ್ರು ಗೊತ್ತೇನ್ರಿ? ಮೀನು ಚೊಲೋದೈತೆ, ಆದ್ರ ಇದನ್ನ ಎಳೆದೋನು ಹೆದರ್ಯಾನೆ. ಇನ್ನೊಂದೀಟು ಎಳೀಬೇಕಿತ್ತು. ಮಂದ್ರ ಸಡ್ಲ ಐತೆ. ಅವನಿಗೆ ಹೇಳು ಅಂದ್ರು. ಹೇಳೀನಿ ನೋಡ್ರಿ, ಬ್ಯಾಸರ ಮಾಡ್ಕಬ್ಯಾಡ್ರಿ."

ಇನ್ನೊಮ್ಮೆ ಕೇಳಿದೆ. ಘಿಜಕ್ ಬಿಟ್ಟು, ಆ ಒಡಕು ದನಿಯನ್ನಷ್ಟೇ ಮತ್ತೆ ಮತ್ತೆ ಕೇಳಿದೆ. ಎರಡು ತಿಂಗಳಲ್ಲಿ ನಾನು ಮುಗಿಸಿಕೊಟ್ಟ ಕೆಲಸಕ್ಕೆ ಒಬ್ಬರೂ ತಪ್ಪು ಹೇಳಿರಲಿಲ್ಲ. ಶ್ರುತಿ ಸೇರದ ಹಾರ್ಮೋನಿಯಂ ಒಯ್ದವರೂ, ಪಾಪ, ಅಣ್ಣನನ್ನು ಕಳೆದುಕೊಂಡವನು ಎಂದು ಸುಮ್ಮನೆ ಒಯ್ದಿದ್ದರು. ಈಗ ಎಲ್ಲೋ ಹಾಸಿಗೆ ಹಿಡಿದ ಒಬ್ಬ ಮನುಷ್ಯ ಎರಡು ಬೆರಳಿನಿಂದ ಬಡಿದು, ನಾನು ಎಲ್ಲಿ ಕೈ ಬಿಟ್ಟೆ ಎಂಬುದನ್ನು ಕರಾರುವಾಕ್ಕಾಗಿ ಹೇಳಿದ್ದರು.

ಉತ್ತರ ಕಳಿಸಲು ಫೋನ್ ಬಾಯಿಯ ಹತ್ತಿರ ಹಿಡಿದೆ. ಮೊದಲ ಸಲ ದನಿ ನಡುಗಿ ಕೆಟ್ಟದಾಗಿ ಕೇಳಿಸಿತು, ಅಳಿಸಿದೆ. ಅಂಗಡಿಯ ಬಾಗಿಲು ಅರ್ಧ ಎಳೆದು, ಮೂಗು ಒರೆಸಿಕೊಂಡು, ಎರಡನೇ ಸಲ ಹೇಳಿದೆ.

"ಅಪ್ಪಾರಿಗೆ ಹೇಳಮ್ಮ. ಹೌದು, ಹೆದರಿದ್ದೆ."